ಆಸ್ಟಿನ್‌ನ ಕಪ್ಪುವರ್ಣೀಯರು ತಾವಾಗಿಯೇ ಊರು ಬಿಟ್ಟರಾ? ಸತ್ಯಾಂಶ ಇಲ್ಲಿದೆ

ವಾಟ್ಸ್ಯಾಪ್‌ನಲ್ಲಿ ಒಂದು ಮೆಸೇಜ್ ಓಡಾಡುತ್ತಿದೆ: ‘ಅಮೆರಿಕದ ಆಸ್ಟಿನ್‌ನಲ್ಲಿ ಕಪ್ಪುವರ್ಣೀಯರು ಒಳ್ಳೆ ರೇಟಿಗೆ ಮನೆ ಮಾರಿ ತಾವಾಗಿಯೇ ಹೋದರು. ಯಾರೂ ಓಡಿಸಿಲ್ಲ.’ ಇದು ಅರ್ಧ ಸತ್ಯ.

ಅವರು ಪೂರ್ವ ಆಸ್ಟಿನ್‌ಗೆ ಬಂದಿದ್ದು ಹೇಗೆ ಅನ್ನೋದನ್ನು ಮೊದಲು ನೋಡಬೇಕು. 1928ರ ನಗರ ಯೋಜನೆ ಅವರಿಗೆಂದೇ ಅಲ್ಲಿ ಪ್ರತ್ಯೇಕ ಜಾಗ ಗುರುತಿಸಿತು. ಅವರ ಶಾಲೆ, ಪಾರ್ಕ್ ಎಲ್ಲ ಅಲ್ಲಿಗೇ ಹೋದವು. ಮಕ್ಕಳಿಗೆ ಶಾಲೆಯೇ ಇಲ್ಲದ ಕಡೆ ಯಾರು ಉಳಿಯುತ್ತಾರೆ ಹೇಳಿ? ಊರಿನ ಬೇರೆ ಕಡೆ ಇದ್ದ ವೀಟ್‌ವಿಲ್‌ನಂಥ ಕಪ್ಪುವರ್ಣೀಯರ ಹಳೆಯ ಬಡಾವಣೆಗಳು ಕರಗಿದವು. 1930ರ ದಶಕದ ಸಾಲದ ನಕ್ಷೆಗಳಲ್ಲಿ ಪೂರ್ವ ಭಾಗಕ್ಕೆ ಕೆಂಪು ಬಣ್ಣ ಬಿತ್ತು, ಅಂದರೆ ಅಲ್ಲಿ ಸಾಲ ಕೊಡುವುದು ಅಪಾಯ ಎಂಬ ಗುರುತು. ಮನೆ ಸಾಲ ಸಿಗುವುದೇ ಕಷ್ಟವಾಯಿತು. 1962ರಲ್ಲಿ ಐ-35 ಹೆದ್ದಾರಿ ಬಂದು ಊರನ್ನೇ ಸೀಳಿತು.

ಆಮೇಲೆ ಟೆಕ್ ಕಂಪನಿಗಳು ಬಂದವು. ಅದೇ ಜಾಗಕ್ಕೆ ಬೆಲೆ ಬಂತು. ಆಸ್ಟಿನ್ ಇರುವ ಟೆಕ್ಸಾಸ್‌ನಲ್ಲಿ ರಾಜ್ಯದ ಆದಾಯ ತೆರಿಗೆ ಇಲ್ಲ, ಮನೆಯ ಬೆಲೆ ನೋಡಿ ಹಾಕುವ ಮನೆ ತೆರಿಗೆ ಜಾಸ್ತಿ. ಸಂಬಳ ಏರದೆ ಮನೆಯ ಬೆಲೆ ಮಾತ್ರ ಏರಿದರೆ ಸ್ವಂತ ಮನೆಯೂ ಭಾರವೇ, ಅಲ್ವಾ? ಮಾರಿದವರಿಗೆ ದುಡ್ಡು ಸಿಕ್ಕಿದ್ದು ನಿಜ. ಬಾಡಿಗೆಯವರಿಗೆ ಏನೂ ಸಿಗಲಿಲ್ಲ.

2000ರಿಂದ 2010ರ ನಡುವೆ ಆಸ್ಟಿನ್ ಜನಸಂಖ್ಯೆ ಸುಮಾರು ಶೇ 20ರಷ್ಟು ಬೆಳೆಯಿತು. ಕಪ್ಪುವರ್ಣೀಯರ ಸಂಖ್ಯೆ ಮಾತ್ರ ಇಳಿಯಿತು. ದೂರ ಹೋದ ಎಷ್ಟೋ ಕುಟುಂಬಗಳು ಭಾನುವಾರ ಈಗಲೂ ಪೂರ್ವ ಆಸ್ಟಿನ್‌ನ ತಮ್ಮ ಹಳೆಯ ಚರ್ಚಿಗೇ ಬರುತ್ತವೆ.