ಬದುವನ್ನು ‘ಕ್ಲೀನ್’ ಮಾಡಿದವರಿಗೆ

ಈ ದಿನ ಬೆಳಿಗ್ಗೆ ಆರೂವರೆಗೆ ತೋಟದ ಮೂಡಲ ಬದುವಿನ ಬಳಿ ಹೋಗಿ ಬಂದವಳು ಕಾಫಿಯನ್ನೂ ಕಾಯಿಸಿಕೊಳ್ಳದೆ ಇದನ್ನು ಬರೆಯಲು ಕುಳಿತಿದ್ದೇನೆ. ಹತ್ತು ದಿನಗಳ ಹಿಂದೆ ಹಸಿರಾಗಿದ್ದ, ಅಲ್ಲಲ್ಲಿ ಹೂ ಬಿಟ್ಟಿದ್ದ ಬದು ಈಗ ಈ ತುದಿಯಿಂದ ಆ ತುದಿಯವರೆಗೆ ತುಕ್ಕು ಹಿಡಿದ ಬಣ್ಣಕ್ಕೆ ತಿರುಗಿದೆ. ನನ್ನ ಹಿಂದೆಯೇ ಬಂದಿದ್ದ ಎಂಟು ವರ್ಷದ ಮೊಮ್ಮಗಳು, “ಅಜ್ಜಿ, ಇಲ್ಲಿ ಬೆಂಕಿ ಬಿದ್ದಿತ್ತಾ?” ಎಂದು ಕೇಳಿದಳು. ಬೆಂಕಿ ಬಿದ್ದಿದ್ದರೆ ಬೂದಿಯಾದರೂ ಇರುತ್ತಿತ್ತು, ಒಂದು ಒಳ್ಳೆಯ ಮಳೆ ಬಿದ್ದ ಮೇಲೆ ಬುಡದಿಂದ ಚಿಗುರಾದರೂ ಏಳುತ್ತಿತ್ತು. ಇದು ಎಲೆಯ ಮೇಲೆ ಬಿದ್ದು ಬೇರಿನವರೆಗೆ ಇಳಿಯುವ ವಿಷ. ಅಂಗಡಿಯಲ್ಲಿ ಮಾತ್ರ ಅದಕ್ಕೆ ‘ಕಳೆ ಔಷಧಿ’ ಎಂದು ಹೆಸರು. ಕೊಲ್ಲುವುದನ್ನು ಔಷಧಿ ಎಂದು ಕರೆಯುವ ಈ ರೂಢಿಗೆ ನನ್ನ ಕಿವಿ ಇನ್ನೂ ಹೊಂದಿಕೊಂಡಿಲ್ಲ.

ಪಕ್ಕದ ತೋಟದವರು ಬೇಲಿಯ ಆಚೆಯಿಂದಲೇ, “ಈಗ ಎಷ್ಟು ಕ್ಲೀನ್ ಆಯ್ತು ನೋಡಿ ಅಕ್ಕ, ನಿಮ್ಮ ಕಡೆಯದಕ್ಕೂ ಸೇರಿಸಿಯೇ ಹೊಡೆಸಿಬಿಟ್ಟೆ” ಎಂದರು. ಅವರು ಕೆಟ್ಟವರಲ್ಲ. ನನಗೆ ಜ್ವರ ಬಂದಾಗ ಮನೆಯಿಂದ ಗಂಜಿ ಕಳಿಸಿದವರು. ಉಪಕಾರ ಮಾಡಿದ್ದೇನೆ ಎಂಬ ನಂಬಿಕೆಯಿಂದಲೇ ಆ ಮಾತನ್ನು ಹೇಳಿದರು, ಅದಕ್ಕೇ ನನಗೆ ಉತ್ತರ ತೋಚಲಿಲ್ಲ. ‘ಕ್ಲೀನ್’ ಎಂಬ ಆ ಒಂದು ಶಬ್ದ ಮಾತ್ರ ಮನೆಯವರೆಗೂ ಬೆನ್ನು ಹತ್ತಿ ಬಂತು.

ಶಾಲೆಯ ಕೆಲಸ ಮುಗಿಸಿ ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಕಡೆಯ ಈ ಎರಡೂವರೆ ಎಕರೆಗೆ ನಾನು ಬಂದು ನೆಲೆಸಿದ್ದನ್ನು ನೀವೆಲ್ಲ ಬಲ್ಲಿರಿ, ಅದನ್ನು ಮತ್ತೆ ಹೇಳುವುದಿಲ್ಲ. ಆ ಬದುವಿನಲ್ಲಿ ಏನಿತ್ತು ಎಂಬುದನ್ನು ಮಾತ್ರ ಹೇಳಬೇಕು, ಏಕೆಂದರೆ ಅಲ್ಲಿ ಏನೂ ಇರಲಿಲ್ಲ ಎಂದು ತಿಳಿದವರೇ ಅದನ್ನು ಕ್ಲೀನ್ ಮಾಡಿದ್ದಾರೆ.

ತಮ್ಮನ ಮೊಮ್ಮಕ್ಕಳಿಬ್ಬರು ರಜಕ್ಕೆಂದು ಬೆಂಗಳೂರಿನಿಂದ ಬಂದು ಮೂರು ವಾರವಾಯಿತು. ಮೇ ತಿಂಗಳ ಮಧ್ಯದಲ್ಲಿ, ಕೃತ್ತಿಕೆ ಮಳೆ ಒಂದು ಹದವಾಗಿ ಬಿದ್ದ ಮಾರನೆಯ ದಿನ, ಬಾದಾಮಿ ಮಾವಿನ ಮರದ ಮೊದಲ ಕಾಯಿಗಳನ್ನು ಕೀಳಲು ಅವರನ್ನು ಕರೆದುಕೊಂಡು ಹೋಗಿದ್ದೆ. ಬಿಸಿಲೇರುವ ಮೊದಲೇ ಕಿತ್ತು ಮುಗಿಸಬೇಕು. ಭುಜ ತುಂಬಿದ ಕಾಯಿ ಯಾವುದು, ಇನ್ನೂ ಎಳೆಯದು ಯಾವುದು ಎಂದು ಕೆಳಗಿನಿಂದಲೇ ಗುರುತಿಸುವುದನ್ನು ದೊಡ್ಡವಳಿಗೆ ಹೇಳಿಕೊಟ್ಟೆ. ತೊಟ್ಟು ಕೂತಿರುವ ಜಾಗ ತಗ್ಗಾಗಿ, ಎರಡೂ ಕಡೆಯ ಭುಜ ಅದಕ್ಕಿಂತ ಮೇಲೆದ್ದಿದ್ದರೆ ಬಲಿತಿದೆ ಎಂದು ಅರ್ಥ. ಬಲೆ ಕಟ್ಟಿದ ದೋಟಿ ಅವಳ ಎತ್ತರದ ಎರಡರಷ್ಟಿತ್ತು. ಮೊದಲ ನಾಲ್ಕು ಸಲ ಎಲೆಗಳನ್ನಷ್ಟೇ ಕೆಡವಿದಳು, ಐದನೆಯ ಸಲ ಕಾಯಿ ಬಲೆಯೊಳಗೆ ಬಿದ್ದಾಗ ದೋಟಿಯ ಕೋಲು ಭಾರಕ್ಕೆ ಬಾಗಿದ್ದು ಅವಳ ಅಂಗೈಗೆ ತಿಳಿಯಿತು. ಆಗ ಅವಳು ನನ್ನ ಕಡೆ ತಿರುಗಿ ನೋಡಿದ ನೋಟಕ್ಕಾಗಿ ನಾನು ಇನ್ನೂ ಹತ್ತು ವರ್ಷ ಈ ತೋಟಕ್ಕೆ ನೀರು ಹಾಯಿಸಲು ಸಿದ್ಧಳಿದ್ದೇನೆ.

ಬೆರಳುದ್ದ ತೊಟ್ಟು ಬಿಟ್ಟು ಕೀಳಬೇಕು, ಸೊನೆ ಸಿಪ್ಪೆಯ ಮೇಲೆ ಹರಿದರೆ ಕಾಯಿ ಕಪ್ಪಾಗುತ್ತದೆ, ಕೈಗೆ ತಾಗಿದರೆ ಸುಡುತ್ತದೆ ಎಂದೆಲ್ಲ ನಾನು ಹೇಳುತ್ತಿರುವಾಗ ನಮ್ಮ ಚುಕ್ಕಿ ಆಗಲೇ ಕುಕ್ಕೆಯೊಳಗೆ ತಲೆ ಹಾಕಿದ್ದಳು. ಈ ಬೆಕ್ಕನ್ನು ನೀವು ನನ್ನ ಫೋಟೊಗಳಲ್ಲಿ ನೋಡಿದ್ದೀರಿ. ಹೊಸದಾಗಿ ಏನು ಬಂದರೂ ಮೊದಲು ಅವಳು ಮೂಸಬೇಕು. ಬೋರಲಾಗಿ ಇಟ್ಟಿದ್ದ ಮಾವಿನಕಾಯಿಯ ತೊಟ್ಟಿನಿಂದ ಸೊನೆ ತೊಟ್ಟಿಕ್ಕುವುದನ್ನು ಒಂದು ನಿಮಿಷ ಕಣ್ಣು ಮಿಟುಕಿಸದೆ ನೋಡಿದಳು, ಮೂಗು ಹತ್ತಿರ ಒಯ್ದಳು, ಎರಡು ಸಲ ಸೀನಿ ಹಿಂದಕ್ಕೆ ಹಾರಿದಳು. ಅಲ್ಲಿಂದ ನೇರವಾಗಿ ಬದುವಿಗೆ ಹೋದಳು, ಮಕ್ಕಳೂ ಅವಳ ಹಿಂದೆ ಹೋದರು, ಮಾವಿನಕಾಯಿ ಕೀಳುವ ಕೆಲಸ ಅಲ್ಲಿಗೆ ನಿಂತಿತು.

ಆ ಬದುವಿನ ಬೇಲಿಯಲ್ಲಿ ಆವರಿಕೆ ಗೊಂಚಲು ಗೊಂಚಲಾಗಿ ಹಳದಿ ಹೂ ಬಿಟ್ಟಿತ್ತು. ನಮ್ಮ ಕಡೆಯ ಮನೆಗಳಲ್ಲಿ ತಂಗಡಿ ಎಂದರೂ ಇದೇ. ತೆಲಂಗಾಣದವರು ಇದನ್ನು ತಮ್ಮ ರಾಜ್ಯದ ಹೂವಾಗಿ ಮಾಡಿಕೊಂಡಿದ್ದಾರೆ, ಇದರ ತೊಗಟೆಯಿಂದ ಹಿಂದೆ ಚರ್ಮ ಹದ ಮಾಡುತ್ತಿದ್ದರು. ಅದರ ಬುಡದಲ್ಲಿ, ಬಾಗಿ ನೋಡಿದವರಿಗೆ ಮಾತ್ರ ಕಾಣುವಷ್ಟು ಚಿಕ್ಕದಾಗಿ, ವಿಷ್ಣುಕ್ರಾಂತಿಯ ನೀಲಿ ಹೂಗಳು. ಅದರಾಚೆ ಗಾಯದ ಸೊಪ್ಪಿನ ಹಳದಿ, ಮುಳ್ಳಿನ ನಡುವೆ ನೆಲಗುಳ್ಳದ ನೇರಳೆ ಬಣ್ಣ, ಮಳೆ ನೀರು ನಿಂತಿದ್ದ ತಗ್ಗಿನಲ್ಲಿ ಆಗತಾನೇ ಎದ್ದ ತುಂಬೆ. ತುಂಬೆಯ ಬಿಳಿ ಎಸಳನ್ನು ಹಗುರವಾಗಿ ಎಳೆದು ಬುಡವನ್ನು ಚೀಪಿದರೆ ಸಿಹಿ ಇರುತ್ತದೆ ಎಂಬುದನ್ನು ಆರು ವರ್ಷದ ಚಿಕ್ಕವನು ಹತ್ತು ನಿಮಿಷದಲ್ಲಿ ಕಲಿತ. ಚುಕ್ಕಿ ಒಂದು ಹಸಿರು ಮಿಡತೆಯ ಹಿಂದೆ ಬಿದ್ದು, ಅದು ಹಾರಿದ ಕಡೆಗೆಲ್ಲ ಹಾರಿ, ಕೊನೆಗೆ ಹೊಟ್ಟೆಯ ತುಂಬ ಉತ್ತರಾಣಿಯ ಮುಳ್ಳುಬೀಜ ಅಂಟಿಸಿಕೊಂಡು ಬಂದಳು. ದೊಡ್ಡವಳು ಅವನ್ನು ಒಂದೊಂದಾಗಿ ಬಿಡಿಸುತ್ತಿದ್ದಾಗ ನಾನು ಕವಳೆ ಪೊದೆಯಲ್ಲಿ ಕೈ ಹಾಕಿ, ಜೋಡಿ ಮುಳ್ಳುಗಳ ಸಂದಿಯಿಂದ ಹಣ್ಣು ಬಿಡಿಸಿದೆ. ಕೆಂಪಗಿದ್ದರೆ ಬೇಡ, ಹಾಲು ಬರುತ್ತದೆ, ಬಾಯಿ ಒಗರಾಗುತ್ತದೆ. ಕಪ್ಪಗೆ ಮಾಗಿದ್ದನ್ನು ಮಾತ್ರ ತಿನ್ನಬೇಕು. ಮನೆಗೆ ಬರುವಷ್ಟರಲ್ಲಿ ಇಬ್ಬರ ನಾಲಿಗೆಯೂ ನೇರಳೆ ಬಣ್ಣಕ್ಕೆ ತಿರುಗಿತ್ತು, ಕುಕ್ಕೆಯಲ್ಲಿದ್ದ ಬಾದಾಮಿಯ ಬಗ್ಗೆ ಯಾರೂ ಕೇಳಲಿಲ್ಲ.

ಇದನ್ನೇ ಕ್ಲೀನ್ ಮಾಡಿದ್ದು.

ಕವಳೆಯ ಎಲೆಗಳು ಮುದುಡಿವೆ, ಹಣ್ಣುಗಳು ಇನ್ನೂ ಗಿಡದಲ್ಲೇ ಇವೆ. ಈ ದಿನ ಚಿಕ್ಕವನು ಓಡಿಹೋಗಿ ಅದಕ್ಕೆ ಕೈ ಹಾಕಿದಾಗ ನಾನು ಅವನ ಕೈಯ ಮೇಲೆ ಹೊಡೆದೆ. ಜೋರಾಗಿಯೇ ಹೊಡೆದೆ, ಅವನು ಅತ್ತ. ಹತ್ತು ದಿನಗಳ ಹಿಂದೆ ತಿನ್ನು ಎಂದು ಕೊಟ್ಟವಳೇ ಈಗ ಏಕೆ ಹೊಡೆದಳು ಎಂಬುದನ್ನು ಆರು ವರ್ಷದ ಮಗುವಿಗೆ ಹೇಗೆ ಹೇಳುವುದು? ಹೇಳಲು ಆಗಲಿಲ್ಲ, ಎತ್ತಿಕೊಂಡು ಮನೆಗೆ ಬಂದೆ. ಚುಕ್ಕಿಯನ್ನು ಒಳಗೆ ಕೂಡಿ ಹಾಕಿದ್ದೇನೆ. ಬೆಕ್ಕು ನಡೆದು ಬಂದ ಮೇಲೆ ಪಾದವನ್ನು ನೆಕ್ಕುತ್ತದೆ, ಪಾದಕ್ಕೆ ಅಂಟಿದ್ದೆಲ್ಲ ಹೊಟ್ಟೆಗೆ ಹೋಗುತ್ತದೆ. ಇದನ್ನು ಬರೆಯುತ್ತಿರುವಾಗಲೂ ಅವಳು ಕಿಟಕಿಯ ಸರಳಿಗೆ ಮುಖ ಒತ್ತಿ ಕೂಗುತ್ತಿದ್ದಾಳೆ.

ಕೂಲಿಯವರು ಸಿಗುವುದಿಲ್ಲ, ಸಿಕ್ಕರೂ ಕೊಡಲು ಹಣವಿಲ್ಲ ಎಂದು ನಿಮ್ಮಲ್ಲಿ ತೋಟ ಇಟ್ಟವರು ಹೇಳುತ್ತೀರಿ. ಅದು ಸುಳ್ಳಲ್ಲ. 2025ರ ಜೂನ್‌ನಲ್ಲಿ ತೋತಾಪುರಿ ಮಾವಿನ ಬೆಲೆ ಕುಸಿದು, ಆಂಧ್ರದ ಚಿತ್ತೂರು ಜಿಲ್ಲಾಡಳಿತ ನಮ್ಮ ಕಾಯಿಗೆ ತಡೆ ಹಾಕಿ, ಶ್ರೀನಿವಾಸಪುರ ಬಂದ್ ಆಗಿದ್ದನ್ನು ನಾನೂ ಕಂಡಿದ್ದೇನೆ, ಕಿತ್ತ ಕೂಲಿಯೂ ಹುಟ್ಟದೆ ಕಾಯಿಯನ್ನು ಮರದಲ್ಲೇ ಬಿಟ್ಟವರ ಪಕ್ಕದಲ್ಲೇ ಬದುಕುತ್ತಿದ್ದೇನೆ. ಆದರೆ ನಾನು ಕೇಳುತ್ತಿರುವುದು ಬದುವಿನ ಮಾತು. ಬದುವಿನಲ್ಲಿ ನೀವು ಯಾವ ಬೆಳೆ ಇಟ್ಟಿದ್ದೀರಿ? ಅಲ್ಲಿನ ಹುಲ್ಲು ಯಾವ ಮಾವಿನ ಮರದ ಅನ್ನವನ್ನು ಕಸಿಯುತ್ತಿದೆ? ಹಾವಿನ ಭಯ, ಬೇಸಿಗೆಯಲ್ಲಿ ಬೆಂಕಿಯ ಭಯ ಎಂದರೆ ನಡೆಯುವ ದಾರಿಯಷ್ಟನ್ನು ಮಳೆಗೆ ಮೊದಲೊಮ್ಮೆ, ಮಳೆಯ ನಂತರ ಒಮ್ಮೆ ಕುಡುಗೋಲಿನಿಂದ ಸವರಿದರೆ ಸಾಕು, ಸವರಿದ ಹುಲ್ಲು ಮರದ ಬುಡಕ್ಕೆ ಮುಚ್ಚಿಗೆಯಾಗುತ್ತದೆ. ಕಾಂಗ್ರೆಸ್ ಗಿಡವನ್ನು ಉಳಿಸಿ ಎಂದು ನಾನು ಹೇಳುತ್ತಿಲ್ಲ, ಅದು ಹೂ ಬಿಡುವ ಮೊದಲೇ ಬೇರುಸಹಿತ ನಾನೇ ಕಿತ್ತುಹಾಕುತ್ತೇನೆ. ಅದೊಂದರ ಹೆಸರಿನಲ್ಲಿ ಉಳಿದ ಇಪ್ಪತ್ತನ್ನೂ ಕೊಲ್ಲುವುದು ಯಾವ ನ್ಯಾಯ?

ಲೆಕ್ಕವೇ ಬೇಕು ಎನ್ನುವವರಿಗೆ ಲೆಕ್ಕವನ್ನೂ ಹೇಳುತ್ತೇನೆ. ಮಾವಿನ ಒಂದೊಂದು ಹೂಗೊಂಚಲಿನಲ್ಲಿ ನೂರಾರು, ಕೆಲವೊಮ್ಮೆ ಸಾವಿರಾರು ಹೂಗಳಿರುತ್ತವೆ, ಕೊನೆಗೆ ಬಲಿಯುವುದು ಬೆರಳೆಣಿಕೆಯಷ್ಟು ಕಾಯಿ. ಆ ಹೂಗಳಿಗೆ ಪರಾಗ ಒಯ್ಯುವುದು ನೊಣಗಳು, ಜೇನು, ಹೆಸರೇ ಗೊತ್ತಿಲ್ಲದ ಸಣ್ಣ ಸಣ್ಣ ಕೀಟಗಳು. ನಮ್ಮಲ್ಲಿ ಮಾವು ಹೂ ಬಿಡುವುದು ಚಳಿಗಾಲದಲ್ಲಿ, ಕೆಲವು ವಾರಗಳ ಕಾಲ ಮಾತ್ರ. ಉಳಿದ ತಿಂಗಳುಗಳಲ್ಲಿ ಆ ಜೀವಗಳು ಎಲ್ಲಿ ತಿನ್ನಬೇಕು? ಇದೇ ಆವರಿಕೆಯಲ್ಲಿ, ಇದೇ ತುಂಬೆಯಲ್ಲಿ, ಇದೇ ಗಾಯದ ಸೊಪ್ಪಿನಲ್ಲಿ. ಜಿಗಿಹುಳು ಬಿತ್ತೆಂದು ಜನವರಿಯಲ್ಲಿ ಮತ್ತೊಂದು ಡಬ್ಬ ತರುತ್ತೀರಲ್ಲ, ಮೆತ್ತನೆಯ ಮೈಯ ಹುಳುಗಳನ್ನು ತಿಂದು ಬದುಕುವ ಗುಲಗಂಜಿ ಹುಳುವಿಗೂ ಜೇಡಕ್ಕೂ ಆಸರೆಯಾಗಿದ್ದುದು ಇದೇ ಬದು. ಜೀವನದಿಯಿಲ್ಲದ ಈ ಜಿಲ್ಲೆಯಲ್ಲಿ ಬಿದ್ದ ಮಳೆ ಮಣ್ಣನ್ನು ಎಳೆದುಕೊಂಡು ಹೋಗದಂತೆ ಹಿಡಿದಿದ್ದುದೂ ನೀವು ಕಳೆ ಎಂದು ಕರೆದ ಹುಲ್ಲಿನ ಬೇರು.

ಇನ್ನು ಆ ಡಬ್ಬದ ವಿಷಯ. ಅದರಲ್ಲಿರುವ ಗ್ಲೈಫೋಸೇಟ್ ಎಂಬ ಕಳೆನಾಶಕವನ್ನು ಕೀಟ ನಿಯಂತ್ರಣ ನಿರ್ವಾಹಕರ ಮೂಲಕವಲ್ಲದೆ ಬಳಸಬಾರದೆಂದು ಕೇಂದ್ರ ಸರ್ಕಾರ 2022ರ ಅಕ್ಟೋಬರ್‌ನಲ್ಲಿ ಅಧಿಸೂಚನೆ ಹೊರಡಿಸಿತು. ಮೊನ್ನೆ ನಮ್ಮ ಬದುವಿಗೆ ಅದನ್ನು ಹೊಡೆದವನು ಹತ್ತೊಂಬತ್ತು ವರ್ಷದ ಹುಡುಗ, ಬರಿಗಾಲು, ಮೂಗಿಗೆ ಕರವಸ್ತ್ರವೂ ಇರಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2015ರಲ್ಲಿ ಇದನ್ನು ಮನುಷ್ಯರಿಗೆ ಬಹುಶಃ ಕ್ಯಾನ್ಸರ್ ತರಬಲ್ಲ ವಸ್ತುಗಳ ಗುಂಪಿಗೆ ಸೇರಿಸಿತು, ಅಮೆರಿಕ ಮತ್ತು ಯುರೋಪಿನ ನಿಯಂತ್ರಣ ಸಂಸ್ಥೆಗಳು ಅದನ್ನು ಒಪ್ಪಲಿಲ್ಲ. ಆ ವಾದವನ್ನು ಅವರು ಮಾಡಿಕೊಳ್ಳಲಿ. ಅದು ತೀರುವವರೆಗೆ ಆ ಹುಡುಗನ ಬೆನ್ನಿನ ಮೇಲೆ ಸೋರುವ ಪಂಪು ಇರಬೇಕೆ ಎಂಬುದಷ್ಟೇ ನನ್ನ ಪ್ರಶ್ನೆ.

ಇಷ್ಟು ಸಿಟ್ಟು ಮಾಡುವ ನಾನು ಒಂದು ವಿಷಯವನ್ನು ಮುಚ್ಚಿಡಬಾರದು. ಮೂರು ವರ್ಷದ ಹಿಂದೆ, ಮನೆಯಲ್ಲಿ ಪೂಜೆ ಇಟ್ಟುಕೊಂಡು ನೆಂಟರನ್ನೆಲ್ಲ ಕರೆದಿದ್ದಾಗ, ಹಿತ್ತಲು ಅಚ್ಚುಕಟ್ಟಾಗಿ ಕಾಣಲಿ ಎಂದು ಇದೇ ಡಬ್ಬವನ್ನು ತರಿಸಿ ಹೊಡೆಸಿದವಳು ನಾನೇ. ನೆಂಟರು ಹೊಗಳಿದರು. ಮುಂದಿನ ಶಿವರಾತ್ರಿಯ ಬೆಳಿಗ್ಗೆ ಹೂಬುಟ್ಟಿ ಹಿಡಿದು ಹಿತ್ತಲಿಗೆ ಹೋದೆ, ನನ್ನ ಅತ್ತೆ ಅಷ್ಟು ವರ್ಷ ತುಂಬೆ ಬಿಡಿಸುತ್ತಿದ್ದ ಮೂಲೆಯಲ್ಲಿ ಬರೀ ಮಣ್ಣಿತ್ತು. ಆ ದಿನ ಶಿವನಿಗೆ ಪಕ್ಕದ ಊರಿನಿಂದ ತಂದ ಹೂ ಏರಿಸಿದೆ. ಈ ಮಾತನ್ನು ಇದುವರೆಗೆ ಯಾರಿಗೂ ಹೇಳಿರಲಿಲ್ಲ.

ಬೆಳಿಗ್ಗೆ ಇಷ್ಟು ಬರೆದಿಟ್ಟು, ಮಧ್ಯಾಹ್ನ ಪಕ್ಕದವರ ಮನೆಗೆ ಹೋಗಿ ಇದನ್ನೆಲ್ಲ ಹೇಳಿದೆ, ನನ್ನ ಹಿತ್ತಲಿನ ಕತೆಯನ್ನೂ ಸೇರಿಸಿಯೇ ಹೇಳಿದೆ. ಬದುವಿನ ಎರಡೂ ಮಗ್ಗುಲಿನ ಹುಲ್ಲು ಸವರುವ ಕೂಲಿಯನ್ನು ಇನ್ನು ಮುಂದೆ ನಾನೇ ಕೊಡುತ್ತೇನೆ ಎಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಆ ಕವಳೆ ಗಿಡ ನಮ್ಮ ತಾತನ ಕಾಲದ್ದು ಅಕ್ಕ, ಅಮ್ಮ ಅದರ ಕಾಯಿಯಲ್ಲಿ ಉಪ್ಪಿನಕಾಯಿ ಹಾಕುತ್ತಿದ್ದರು” ಎಂದರು. ಬೇರೆ ಏನೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಮಕ್ಕಳು ನಾಳೆ ಬೆಳಿಗ್ಗೆಯ ಬಸ್ಸಿಗೆ ಹೊರಡುತ್ತಾರೆ. ಅಂದು ಕಿತ್ತ ಬಾದಾಮಿ ಅಡೆಯಲ್ಲಿ ಚೆನ್ನಾಗಿ ಬಣ್ಣಕ್ಕೆ ಬಂದಿದೆ, ಹುಲ್ಲು ಸರಿಸಿದರೆ ಕೋಣೆಯೆಲ್ಲ ಘಮ ಎನ್ನುತ್ತದೆ. ಹನ್ನೆರಡನ್ನು ಆರಿಸಿ ರಟ್ಟಿನ ಪೆಟ್ಟಿಗೆಯಲ್ಲಿ ಜೋಡಿಸಿ ಇಟ್ಟಿದ್ದೇನೆ. ಚಿಕ್ಕವನ ಸಿಟ್ಟು ಇನ್ನೂ ಇಳಿದಿಲ್ಲ, ಪೆಟ್ಟಿಗೆಯ ಕಡೆ ತಿರುಗಿಯೂ ನೋಡುತ್ತಿಲ್ಲ. ಚುಕ್ಕಿ ಮಾತ್ರ ಕಿಟಕಿ ಬಿಟ್ಟು ಇಳಿದು ಬಂದು, ಪೆಟ್ಟಿಗೆಯ ಅಂಚಿಗೆ ಎರಡೂ ಮುಂಗಾಲಿಟ್ಟು ಒಳಗೆ ಇಣುಕುತ್ತಿದ್ದಾಳೆ.