ಜಗಲಿಯ ಮೇಲಿನ ರೆಕ್ಕೆಯ ದೇವಿ

ನಮ್ಮ ಮನೆಯ ದೇವರ ಜಗಲಿಯ ಮೇಲೆ ಎಲ್ಲಮ್ಮನ ಪಕ್ಕ ಇನ್ನೊಬ್ಬ ದೇವಿ ಇದ್ದಾಳೆ. ಅಂಗೈಯಲ್ಲಿ ಹಿಡಿಸುವಷ್ಟು ಕಂಚಿನ ಬಿಲ್ಲೆ, ಅದರ ಮೇಲೆ ಎರಡೂ ರೆಕ್ಕೆ ಚಾಚಿ ನಿಂತ ಹೆಣ್ಣು. ಎಲ್ಲಮ್ಮನ ಜೊತೆ ದಿನಾ ಅವಳಿಗೂ ಅರಿಷಿಣ ಕುಂಕುಮ. ಇದು ಯಾವ ದೇವಿ ಅಂತ ಸಣ್ಣವನಿದ್ದಾಗ ಕೇಳಿದರೆ ಅವ್ವ "ಪಲ್ಟನ್ ಮುತ್ಯಾಂದು" ಎನ್ನುತ್ತಿದ್ದಳು. ಅಷ್ಟಕ್ಕೇ ಮಾತು ಮುಗಿಯುತ್ತಿತ್ತು.

ಪಲ್ಟನ್ ಅಂದರೆ ಸೈನ್ಯದ ತುಕಡಿ, ಮುತ್ಯಾ ಅಂದರೆ ಅಜ್ಜ. ಪಲ್ಟನ್ ಮುತ್ಯಾ ನನ್ನ ಮುತ್ಯಾನ ಅಪ್ಪ. ಬೈಲಹೊಂಗಲ ಕಡೆಯ ನಮ್ಮೂರಿನಿಂದ ಹೋಗಿ ಸಿಪಾಯಿ ಆದವರು. ತಿರುಗಿ ಬರಲಿಲ್ಲ. ಎಲ್ಲಿ ಸತ್ತರು, ಹೇಗೆ ಸತ್ತರು, ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಒಮ್ಮೆ ಒಂದು ಕಚೇರಿಗೆ ಹೋಗಿ ಕೇಳಿದ್ದೆ. "ನಂಬರ್ ಇಲ್ಲ, ಪಲ್ಟನ್ ಯಾವುದು ಗೊತ್ತಿಲ್ಲ, ಬರೀ ಹೆಸರು ತಗೊಂಡು ಏನ್ ಹುಡುಕೋಣ್ರೀ?" ಎಂದರು. ಬೇಜಾರಾಯಿತು, ಆದರೆ ಅವರ ಮಾತು ಸರಿಯೇ ಇತ್ತು.

ಹೋದ ವರ್ಷ ಮನೆಗೆ ಸುಣ್ಣ ಹಚ್ಚುವಾಗ ಜಗಲಿಯ ಸಾಮಾನೆಲ್ಲ ಕೆಳಗೆ ಇಳಿಸಿದ್ದೆವು. ಬಿಲ್ಲೆಯನ್ನು ಒದ್ದೆ ಬಟ್ಟೆಯಿಂದ ಒರೆಸುತ್ತಿದ್ದೆ. ಎಷ್ಟೋ ವರ್ಷದ ಕುಂಕುಮ ಹೆಪ್ಪುಗಟ್ಟಿ ಕೂತಿತ್ತು. ಅದು ಬಿಟ್ಟ ಮೇಲೆ ಅಂಚಿಗೆ ಬೆರಳು ತಾಗಿದರೆ ತರಿತರಿ. ಮೊಬೈಲ್ ಬೆಳಕು ಹಿಡಿದು ಅಂಚನ್ನು ನಿಧಾನಕ್ಕೆ ತಿರುಗಿಸಿದೆ. ಇಂಗ್ಲಿಷ್ ಅಕ್ಷರಗಳು. ಒಂದು ನಂಬರು, ಸಿಪಾಯಿ, ಪಲ್ಟನ್ ಮುತ್ಯಾನ ಹೆಸರು, 110 ಮರಾಠಾ ಲೈಟ್ ಇನ್‌ಫೆಂಟ್ರಿ. ನನಗೆ ಕೈ ನಡುಗಿತು. ಹುಡುಕಿಕೊಂಡು ಊರೂರು ಅಲೆದದ್ದು ನಮ್ಮ ಜಗಲಿಯ ಮೇಲೇ ಇತ್ತು.

ಅದು ಮೊದಲ ಮಹಾಯುದ್ಧದ ವಿಕ್ಟರಿ ಮೆಡಲ್. ಆ ಯುದ್ಧದ ಪದಕಗಳ ಅಂಚಿನಲ್ಲಿ ಹೀಗೆ ಸಿಪಾಯಿಯ ನಂಬರು, ಹೆಸರು, ಪಲ್ಟನ್ ಒತ್ತಿರುತ್ತಿದ್ದರು. ನಿಮ್ಮ ಮನೆಯಲ್ಲಿ ಇದ್ದರೆ ಮೊದಲು ಅಂಚು ನೋಡಿ.

ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗದ ವೆಬ್‌ಸೈಟಿನಲ್ಲಿ ಸತ್ತವರ ಹೆಸರು ಹುಡುಕಬಹುದು. ನಾನು ಬೈಲಹೊಂಗಲ ಅಂತ ಹಾಕಿ ಹಾಕಿ ಸುಸ್ತಾದೆ. ಆ ಕಾಲಕ್ಕೆ ನಮ್ಮ ತಾಲ್ಲೂಕಿನ ಹೆಸರು ಸಂಪಗಾವ. ಸವದತ್ತಿ ಕಡೆಯವರಾದರೆ ಪರಸಗಡ ಅಂತ ಹುಡುಕಬೇಕು. ಬೆಳಗಾವಿ ಜಿಲ್ಲೆ ಇದ್ದದ್ದು ಮುಂಬೈ ಪ್ರಾಂತ್ಯದಲ್ಲಿ. ಪಲ್ಟನ್ನುಗಳ ನಂಬರೂ 1922ರಲ್ಲಿ ಬದಲಾದವು. ಮುತ್ಯಾನ 110 ಆಮೇಲೆ 5ನೇ ಮರಾಠಾದ 3ನೇ ಬೆಟಾಲಿಯನ್ ಆಯಿತು. ಇಷ್ಟು ಗೊತ್ತಾದ ಮೇಲೆ ಸಿಕ್ಕರು. ಇಂಥವರ ಮಗ, ಇಂಥ ಊರು, ಸಂಪಗಾವ, ಬೆಳಗಾವಿ. ನಮ್ಮೂರಿನ ಹೆಸರನ್ನು ಅಲ್ಲಿ ಓದಿ ಎಷ್ಟೋ ಹೊತ್ತು ಸುಮ್ನೆ ಕೂತಿದ್ದೆ.

110ನೇ ಪಲ್ಟನ್ ಈಗಿನ ಇರಾಕಿನ ಕುತ್ ಪಟ್ಟಣದಲ್ಲಿ ಸಿಕ್ಕಿಬಿದ್ದಿತ್ತು. 1915ರ ಡಿಸೆಂಬರಿನಲ್ಲಿ ತುರ್ಕರು ಮುತ್ತಿಗೆ ಹಾಕಿದರು. ರೇಷನ್ ಇಳಿಯುತ್ತಾ ಹೋಯಿತು. ಕುದುರೆ ಕಡಿದು ಮಾಂಸ ಹಂಚಿದರು. ನಮ್ಮ ಸಿಪಾಯಿಗಳಲ್ಲಿ ಬಹಳ ಜನ ಕೊನೆಯ ದಿನಗಳವರೆಗೂ ಅದನ್ನು ಮುಟ್ಟಲಿಲ್ಲ, ಉಪವಾಸ ಬಿದ್ದರು. 1916ರ ಏಪ್ರಿಲ್ 29ಕ್ಕೆ ಸುಮಾರು 13,000 ಜನ ಶರಣಾದರು. ಅವರನ್ನು ಬಿಸಿಲಿನಲ್ಲಿ ಮರುಭೂಮಿ ಹಾದು ನಡೆಸಿಕೊಂಡು ಹೋದರು. ದಾರಿಯಲ್ಲಿ ಬಿದ್ದವರು ಎಷ್ಟೋ. ಮುತ್ಯಾ ತೀರಿಕೊಂಡ ತಾರೀಖು ಶರಣಾದ ನಂತರದ್ದು. ಅಂದರೆ ಅವರು ಗುಂಡು ತಾಗಿ ರಣರಂಗದಲ್ಲಿ ಬಿದ್ದವರಲ್ಲ, ಕೈದಿಯಾಗಿ ಸತ್ತವರು.

ಅವರ ಹೆಸರು ಇರಾಕಿನ ಬಸ್ರಾ ಯುದ್ಧ ಸ್ಮಾರಕದ ಲೆಕ್ಕದಲ್ಲಿದೆ. ಆ ಗೋಡೆಯ ಮೇಲೆ ಬ್ರಿಟಿಷ್ ಸೈನಿಕರ ಹೆಸರು ಕೆತ್ತಿದರು. ನಮ್ಮ ಸಿಪಾಯಿಗಳಿಗೆ ಪಲ್ಟನ್ ಹೆಸರಿನ ಕೆಳಗೆ ಬರೀ ಸಂಖ್ಯೆ. ಇಂಥ ತಾರತಮ್ಯಕ್ಕಾಗಿ 2021ರಲ್ಲಿ ಆಯೋಗವೇ ಕ್ಷಮೆ ಕೇಳಿತು. ನೂರು ವರ್ಷ ಬೇಕಾಯಿತು ಅದಕ್ಕೆ!

ಇದನ್ನೆಲ್ಲ ತೆಗೆದುಕೊಂಡು ಸೋದರತ್ತಿಯ ಮನೆಗೆ ಓಡಿದೆ. ಎಂಬತ್ತು ದಾಟಿದ್ದಾರೆ. ಎಲ್ಲ ಕೇಳಿ ಅವರು ಕೇಳಿದ್ದು ಒಂದೇ ಮಾತು: "ಆಯಿ ಹೆಸರ ಬರದಾರೇನಪಾ?"

ಇಲ್ಲ. ಅಪ್ಪನ ಹೆಸರಿದೆ, ಹೆಂಡತಿಯದು ಇಲ್ಲ.

ಆಮೇಲೆ ಅತ್ತಿ ಹೇಳುತ್ತಾ ಹೋದರು. ಪಲ್ಟನ್ ಆಯಿ ಕೊನೆಯವರೆಗೂ ಕುಂಕುಮ ಅಳಿಸಲಿಲ್ಲ. "ನಾ ಹೆಣಾ ನೋಡಿಲ್ಲ" ಎನ್ನುತ್ತಿದ್ದಳಂತೆ. ಆದರೆ ಪಿಂಚಣಿಗೆ ಬೈಲಹೊಂಗಲಕ್ಕೆ ನಡೆದು ಹೋಗಿ, ಗಂಡ ಸತ್ತಿದ್ದಾನೆ ಎಂಬ ಕಾಗದಕ್ಕೆ ಹೆಬ್ಬೆಟ್ಟು ಒತ್ತಿ ಬರುತ್ತಿದ್ದಳು. ಮಗನನ್ನು ಬೆಳೆಸಬೇಕಿತ್ತಲ್ಲ. ತಾರೀಖು ಗೊತ್ತಿಲ್ಲದ್ದಕ್ಕೆ ಊರವರು ಪಕ್ಷದ ಅಮಾಸಿಗೆ ಎಡೆ ಇಡು ಅಂದರೆ ಇಡಲಿಲ್ಲ. ಅವಳು ಹೋದ ಮೇಲೆ ನಮ್ಮ ಮುತ್ಯಾ ಇಬ್ಬರಿಗೂ ಕೂಡಿಸಿ ಎಡೆ ಇಟ್ಟರು.

ಕಂಚಿನದರ ಜೊತೆ ಒಂದು ಬೆಳ್ಳಿ ಪದಕವೂ ಬಂದಿತ್ತಂತೆ. ಮಗನ ಮದುವೆಗೆ ಕೈಯಲ್ಲಿ ದುಡ್ಡಿರಲಿಲ್ಲ. ಪತ್ತಾರನ ಹತ್ತಿರ ಒಯ್ದು ಕರಗಿಸಿ ಸೊಸೆಗೆ ಕಾಲುಂಗುರ ಮಾಡಿಸಿದಳು. ಕಂಚಿಗೆ ಬೆಲೆ ಇಲ್ಲ, ಅದಕ್ಕೇ ಅದು ಜಗಲಿಯ ಮೇಲೆ ಉಳಿಯಿತು. ಪದಕ ಕರಗಿಸಿದರು ಅಂತ ಯಾರಾದರೂ ಬೈದರೆ ನಾನು ಒಪ್ಪಲ್ಲ.

ನಮ್ಮ ಕಡೆ ಈಗ ಬಹಳ ಜನ ಮುತ್ಯಾಗಳ ಸೈನ್ಯದ ದಾಖಲೆ ಹುಡುಕುತ್ತಿದ್ದಾರೆ. ಒಳ್ಳೇದೇ. ಆದರೆ ಎಲ್ಲರಿಗೂ ಯಾವ ಯುದ್ಧ, ಯಾವ ಪದಕ ಅನ್ನೋದೇ ಜಾಸ್ತಿ. ದಾಖಲೆ ಎಲ್ಲೂ ಓಡಿಹೋಗಲ್ಲ, ನೂರು ವರ್ಷ ಕಾದಿದೆ, ಇನ್ನೂ ಕಾಯುತ್ತದೆ. ನಮ್ಮ ಅತ್ತಿಯಂಥವರು ಕಾಯೋದಿಲ್ಲ. ಮೊದಲು ಅವರ ಹತ್ತಿರ ಹೋಗಿ ಕೂಡ್ರಿ. ಹೊಲ ಯಾರು ಉತ್ತರು, ಸಾಲ ಯಾರು ತೀರಿಸಿದರು, ಸಾವಿನ ಸುದ್ದಿ ಯಾರು ತಂದರು ಅಂತ ಕೇಳಿ. ಲಾಹೋರ್ ಮ್ಯೂಸಿಯಂನಲ್ಲಿದ್ದ ಪಂಜಾಬಿನ ಸುಮಾರು 3 ಲಕ್ಷ 20 ಸಾವಿರ ಸೈನಿಕರ ರಿಜಿಸ್ಟರನ್ನು ಊರುವಾರು ಹುಡುಕುವ ಹಾಗೆ 2021ರಲ್ಲಿ ಆನ್‌ಲೈನ್‌ಗೆ ತರಲು ಶುರುಮಾಡಿದರು. ಬೆಳಗಾವಿಗೂ ಅಂಥದ್ದು ಬೇಕೇ ಬೇಕು. ಅದರಲ್ಲಿ ಹಿಂದೆ ಉಳಿದ ಹೆಂಗಸರ ಹೆಸರಿಗೂ ಒಂದು ಕಾಲಂ ಇರಲಿ.

ನಾನೀಗ ಹುಡುಕುತ್ತಿರುವುದು ಪಲ್ಟನ್ ಆಯಿಯ ಹೆಬ್ಬೆಟ್ಟು. ಸಂಪಗಾವ ತಾಲ್ಲೂಕಿನ ಆ ಕಾಲದ ಪಿಂಚಣಿ ಪುಸ್ತಕ, ರಸೀದಿ ನಿಮ್ಮ ಅಟ್ಟದ ಮೇಲೆ, ಟ್ರಂಕಿನಲ್ಲಿ ಎಲ್ಲಾದರೂ ಇದ್ದರೆ ದಯವಿಟ್ಟು ಹೇಳಿ. ಮರಾಠಿಯ ಹಳೆಯ ಮೋಡಿ ಲಿಪಿಯಲ್ಲಿದ್ದರೂ ಪರವಾಗಿಲ್ಲ, ಓದುವವರನ್ನು ನಾನೇ ಕರೆದುಕೊಂಡು ಬರುತ್ತೇನೆ.