ತಪ್ಪಿದವನಿಗೆ ಸಾವೇ ಶಿಕ್ಷೆಯಾ?

ಇವತ್ತು ಬೆಳಿಗ್ಗೆ ಅಂಕೋಲಾದಿಂದ ಕುಮಟಾಕ್ಕೆ ಬರುವಾಗ ಹೆದ್ದಾರಿಯ ಮೋರಿಯೊಂದರ ಹತ್ತಿರ ಬೈಕ್ ನಿಲ್ಲಿಸಿದೆ. ಸಿಟ್ಟು ಇನ್ನೂ ಇಳಿದಿಲ್ಲ. ಅಲ್ಲಿ ಹೊಸದಾಗಿ ಕ್ರ್ಯಾಶ್ ಬ್ಯಾರಿಯರ್, ಅಂದರೆ ಗಾಡಿ ರಸ್ತೆ ಬಿಟ್ಟು ಹೋಗದ ಹಾಗೆ ತಡೆಯುವ ಉಕ್ಕಿನ ತಗಡಿನ ಬೇಲಿ, ಹಾಕಿದ್ದಾರೆ. ಹಾಕಿದ್ದು ಸರಿ. ಆದರೆ ಅದು ಶುರುವಾಗುವ ತುದಿಯನ್ನು ಬರುವ ವಾಹನದ ಕಡೆಗೇ ಮುಖ ಮಾಡಿ, ಬಂಪರ್ ಎತ್ತರದಲ್ಲಿ ಹಾಗೇ ಬಿಟ್ಟಿದ್ದಾರೆ. ಎರಡು ತಗಡು ಸೇರುವ ಕಡೆಯೂ, ಗಾಡಿ ಹೋಗುವ ದಿಕ್ಕಿನಲ್ಲಿ ಮುಂದೆ ಬರುವ ತಗಡನ್ನೇ ರಸ್ತೆಯ ಕಡೆಗೆ ಮೇಲೆ ಕೂರಿಸಿ ಬೋಲ್ಟ್ ಬಿಗಿದಿದ್ದಾರೆ. ಅದರ ಅಂಚು ಗಾಡಿಗೆ ಎದುರಾಗಿದೆ. ಉಜ್ಜಿಕೊಂಡು ಹೋಗುವ ಕಾರು ಅಲ್ಲೇ ಸಿಕ್ಕಿಕೊಳ್ಳುತ್ತದೆ. ಹಿಂದಿನ ತಗಡು ಮೇಲೆ ಬಂದಿದ್ದರೆ ಜಾರಿಕೊಂಡು ಮುಂದೆ ಹೋಗುತ್ತಿತ್ತು. ಅದೇ ತಗಡು, ಅದೇ ಬೋಲ್ಟ್, ಅದೇ ಖರ್ಚು!

ಬ್ಯಾರಿಯರ್ ಇರುವುದು ಗಾಡಿಯನ್ನು ಗಕ್ಕನೆ ನಿಲ್ಲಿಸುವುದಕ್ಕಲ್ಲ. ಅದು ಬಗ್ಗಬೇಕು, ಹೊಡೆತ ತಾನು ತಿನ್ನಬೇಕು, ಗಾಡಿಯನ್ನು ಮತ್ತೆ ರಸ್ತೆ ಗುಂಟ ತಿರುಗಿಸಬೇಕು. ತುದಿಗೇ ನೇರ ಬಡಿದರೆ ಈ ಯಾವುದೂ ಆಗುವುದಿಲ್ಲ. ತಗಡು ಈಟಿಯ ಹಾಗೆ ಒಳಗೆ ನುಗ್ಗುತ್ತದೆ. ಅದಕ್ಕೇ ತುದಿಯನ್ನು ರಸ್ತೆಯಿಂದ ಆಚೆ ಬಾಗಿಸಿ ಗುಡ್ಡದ ಮಣ್ಣಿನೊಳಗೆ ಹುಗಿಯಬೇಕು. ಇಲ್ಲವೇ ಆ ತುದಿಗೆ ಹೊಡೆತ ಹೀರುವ ಸಾಧನ ಕೂರಿಸಬೇಕು.

“ನಿಧಾನ ಹೋದರೆ ಆಯ್ತಲ್ಲ ಮಾರಾಯ್ರೆ” ಅಂತ ಯಾರಾದರೂ ಬರೆದೇ ಬರೆಯುತ್ತೀರಿ. ನಿಧಾನ ಹೋಗಲೇಬೇಕು, ಒಪ್ಪಿದೆ. 60ರ ಬದಲು 80ರಲ್ಲಿ ಹೋದರೆ ಹೊಡೆತದ ಶಕ್ತಿ ಹೆಚ್ಚುಕಡಿಮೆ 1.8 ಪಟ್ಟು ಆಗುತ್ತದೆ. ಆದರೆ ಟೈರ್ ಒಡೆಯುವುದು ಹೇಳಿ ಕೇಳಿ ಅಲ್ಲ. ರಾತ್ರಿ ದನ ಅಡ್ಡ ಬರುತ್ತದೆ. ನಮ್ಮ ಮಳೆಯಲ್ಲಿ ಘಟ್ಟದ ತಿರುವೇ ಕಾಣುವುದಿಲ್ಲ. 2025ರ ಜನವರಿ 22ರ ಬೆಳಗಿನ ಜಾವ ನೆನಪಿದೆ ಅಲ್ವಾ? ಸವಣೂರಿನಿಂದ ನಮ್ಮ ಕುಮಟಾ ಸಂತೆಗೆ ತರಕಾರಿ ತರುತ್ತಿದ್ದ ಲಾರಿ. ಯಲ್ಲಾಪುರದ ಗುಳ್ಳಾಪುರ ಹತ್ತಿರ ಇನ್ನೊಂದು ವಾಹನಕ್ಕೆ ದಾರಿ ಬಿಡಲು ಹೋಗಿ ಕಣಿವೆಗೆ ಬಿತ್ತು. ಕಣಿವೆ ಕಡೆ ತಡೆಗೋಡೆ ಇರಲಿಲ್ಲ. ಅವತ್ತು 10 ಜನ ಹೋದರು. ಸಂತೆಗೆ ಹೊರಟವರು! ದಾರಿ ಬಿಡುವುದೂ ಒಂದು ತಪ್ಪಾ?

ಸ್ವೀಡನ್‌ನವರು 1997ರಲ್ಲೇ ಸಂಸತ್ತಿನಲ್ಲಿ ಒಪ್ಪಿಕೊಂಡರು: ಮನುಷ್ಯ ತಪ್ಪುತ್ತಾನೆ, ತಪ್ಪಿದರೂ ಸಾಯದ ಹಾಗೆ ರಸ್ತೆ ಮಾಡಬೇಕು. ಇಲ್ಲಿ ತಿರುವಿನ ಹೊರಮಗ್ಗುಲಿಗೇ ಹೊಸ ಕರೆಂಟ್ ಕಂಬ ನೆಡುತ್ತಾರೆ. ಗಾಡಿ ಹತೋಟಿ ತಪ್ಪಿದರೆ ಹೋಗುವುದೇ ಆ ಕಡೆಗೆ. ಒಳಮಗ್ಗುಲಿಗೆ ನೆಟ್ಟರೆ ಏನು ತೊಂದರೆ? ಮೋರಿಯ ಕಟ್ಟೆ ಡಾಂಬರಿನ ಅಂಚಿಗೇ ನಿಂತಿದೆ. ಮೋರಿಯನ್ನು ಇನ್ನಷ್ಟು ಆಚೆ ಉದ್ದ ಮಾಡಿ, ಕಟ್ಟೆ ದೂರ ಸರಿಸಬಹುದಿತ್ತು. ಮರ ಕಡಿಯಿರಿ ಅಂತ ನಾನು ಹೇಳುತ್ತಿಲ್ಲ, ದಯವಿಟ್ಟು ಆ ಕಡೆ ಎಳೆಯಬೇಡಿ. ದೊಡ್ಡ ಮರದ ಮುಂದೆ ಸರಿಯಾದ ಬ್ಯಾರಿಯರ್ ಹಾಕಿದರೆ ಮರವೂ ಉಳಿಯುತ್ತದೆ, ಜನವೂ ಉಳಿಯುತ್ತಾರೆ.

ಕಾರವಾರದಿಂದ ಭಟ್ಕಳದವರೆಗೆ, ದೇವಿಮನೆ ಘಟ್ಟದಲ್ಲಿ, ಅರಬೈಲ್ ಘಟ್ಟದಲ್ಲಿ ಓಡಾಡುವವರೆಲ್ಲ ಒಂದು ಉಪಕಾರ ಮಾಡಿ. ಇಂಥ ಬಿಟ್ಟ ತುದಿ ಕಂಡರೆ ಗಾಡಿ ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ ಫೋಟೋ ತೆಗೆಯಿರಿ. ಕಿಲೋಮೀಟರ್ ಕಲ್ಲಿನ ನಂಬರ್ ಸಮೇತ ನನಗೆ ಕಳಿಸಿ. ಮನವಿ ಬರೆಯುತ್ತಿದ್ದೇನೆ. ಎಲ್ಲ ಜಾಗವನ್ನೂ ಅದರಲ್ಲಿ ಸೇರಿಸುತ್ತೇನೆ.